ಮನೆ ಕಟ್ಟುವಾಗ ಸ್ಕ್ರೂ, ಎಲ್ಬೋ, ಸ್ವಿಚ್ಚು ಕಳೆಯದ ಹಾಗೆ ಇಟ್ಟುಕೊಳ್ಳುವುದು ಹೇಗೆ?

ಸಿಮೆಂಟು, ಕಬ್ಬಿಣ, ಎಂ ಸ್ಯಾಂಡ್ ಲೆಕ್ಕ ಎಲ್ಲರೂ ಇಡುತ್ತಾರೆ. ಕೆಲಸ ನಿಲ್ಲುವುದು ಮಾತ್ರ ಅರ್ಧ ಇಂಚಿನ ಒಂದು ಎಲ್ಬೋ, ಅಂದರೆ ಪೈಪನ್ನು ಮೂಲೆಯಲ್ಲಿ ತಿರುಗಿಸುವ ತುಂಡು, ಸಿಗದೆ. ಪ್ಲಂಬರ್ ಬಂದು ಕೂತಿರುತ್ತಾನೆ, ಕೂಲಿ ಓಡುತ್ತಿರುತ್ತದೆ, ನೀವು ಬೈಕ್ ಹತ್ತಿ ನಮ್ಮ ಕೋಲಾರದ ಕ್ಲಾಕ್ ಟವರ್ ಕಡೆ ಹೋಗಿ ಇನ್ನೆರಡು ಎಲ್ಬೋ ತರುತ್ತೀರಿ. ಮೊದಲು ತಂದಿದ್ದು ಜಲ್ಲಿ ರಾಶಿ ಪಕ್ಕದಲ್ಲಿ ಕವರ್ ಸಮೇತ ಬಿದ್ದಿರುತ್ತದೆ. ಲೇಬರ್ ಕಾಂಟ್ರಾಕ್ಟ್ ಕೊಟ್ಟು ಸಾಮಾನು ನಾವೇ ತಂದುಕೊಡುವ ಪದ್ಧತಿ ಇದೆಯಲ್ಲ, ಅದರಲ್ಲಿ ಈ ತಾಪತ್ರಯ ಪೂರ್ತಿ ಮನೆಯವರ ತಲೆ ಮೇಲೆಯೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಲಸ ನಡೆಯುವಾಗ ಸಾಮಾನನ್ನು ಬಗೆವಾರು ಜೋಡಿಸಬೇಡಿ. ಎಲ್ಲ ಎಲ್ಬೋ ಒಂದು ಡಬ್ಬಕ್ಕೆ, ಎಲ್ಲ ಸ್ಕ್ರೂ ಇನ್ನೊಂದಕ್ಕೆ ಅಂತ ಮಾಡಿದರೆ ನೋಡಲು ಚೆಂದ, ಕೆಲಸಕ್ಕೆ ಕಷ್ಟ. ಯಾವ ರೂಮಿಗೆ, ಯಾವ ಕೆಲಸಕ್ಕೆ ಅಂತ ನೋಡಿ ಜೋಡಿಸಿ. ಬಗೆವಾರು ಜೋಡಿಸುವುದು ಗೃಹಪ್ರವೇಶ ಆದ ಮೇಲೆ, ಉಳಿದ ಸಾಮಾನಿಗೆ.

ಮೊದಲು ಜಾಗ ಹಿಡಿಯಿರಿ

ಪಾಯ, ಗೋಡೆ ಕೆಲಸದ ಕಾಲದಲ್ಲಿ ಶೀಟ್ ಶೆಡ್ ಸಾಕು. ಅಲ್ಲಿ ಸಿಮೆಂಟು, ಬಾಂಡ್ಲಿ, ಗುದ್ದಲಿ ಇರಲಿ. ಸಿಮೆಂಟ್ ಮೂಟೆಯನ್ನು ಹಲಗೆ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು, ಹತ್ತು ಮೂಟೆಗಿಂತ ಎತ್ತರ ಪೇರಿಸದೆ ಇಡಿ, ಮೂರು ತಿಂಗಳೊಳಗೆ ಮುಗಿಸಿ. ಅಷ್ಟೇ. ನಲ್ಲಿ, ವೈರು, ಬೀಗ ಇಂಥವು ಒಂದೂ ಶೆಡ್ಡಿನಲ್ಲಿ ಬೇಡ. ಕಳ್ಳರು ಬರುತ್ತಾರೋ ಇಲ್ಲವೋ, ಶೀಟಿನ ಕೆಳಗೆ ಮಧ್ಯಾಹ್ನದ ಕಾವಿಗೆ ಸಾಮಾನು ಹಾಳಾಗಬಹುದು.

ತಾರಸಿ ಹಾಕಿ, ಅದಕ್ಕೆ ಆಸರೆಯಾಗಿ ಕಟ್ಟಿದ ಸೆಂಟ್ರಿಂಗ್ ಬಿಚ್ಚಿದ ಮೇಲೆ ಒಂದು ರೂಮನ್ನು ಸ್ಟೋರ್ ಅಂತ ಹಿಡಿಯಿರಿ. ಯಾವ ರೂಮು? ನನ್ನ ಮಟ್ಟಿಗೆ ಪೂಜಾ ಕೋಣೆ ಒಳ್ಳೆಯದು. ಅಲ್ಲಿ ಪೈಪಿನ ಕೆಲಸ ಇರುವುದಿಲ್ಲ, ಕರೆಂಟಿನ ಪಾಯಿಂಟು ಒಂದೋ ಎರಡೋ, ಟೈಲ್ಸ್ ಕೊನೆಗೆ ಹಾಕಿದರೂ ನಡೆಯುತ್ತದೆ, ಕಿಟಕಿ ಚಿಕ್ಕದು. ಚಪ್ಪಲಿ ಹಾಕಿಕೊಂಡು ಅಲ್ಲಿ ಓಡಾಡುವುದಕ್ಕೆ ಮನೆಯ ಹಿರಿಯರು ಒಪ್ಪದಿದ್ದರೆ ಮೆಟ್ಟಿಲ ಕೆಳಗಿನ ಜಾಗ ನೋಡಿ. ಸೆಂಟ್ರಿಂಗ್ ಹಲಗೆಯಲ್ಲೇ ಒಂದು ಬಾಗಿಲು ಹೊಡೆಸಿ, ಚಿಲಕ ಹಾಕಿಸಿ, ಬೀಗ ಜಡಿಯಿರಿ. ಕೀ ಎರಡು ಇರಲಿ. ಒಂದು ನಿಮ್ಮಲ್ಲಿ, ಒಂದು ಮೇಸ್ತ್ರಿ ಹತ್ತಿರ. ನಾಲ್ಕು ಜನರ ಕೈಗೆ ಕೀ ಹೋದರೆ ಬೀಗ ಇದ್ದೂ ಒಂದೇ ಇಲ್ಲದಿದ್ದರೂ ಒಂದೇ.

ನೆಲದ ಮೇಲೆ ರಟ್ಟಿನ ಡಬ್ಬ ಇಡಬೇಡಿ. ಮೇಲಿನ ತಾರಸಿ ಗಟ್ಟಿಯಾಗಲು ಕ್ಯೂರಿಂಗ್ ನೀರು ಕಟ್ಟಿದಾಗ ಅಲ್ಲಲ್ಲಿ ತೊಟ್ಟಿಕ್ಕುತ್ತದೆ, ಹೊಸ ಪ್ಲಾಸ್ಟರಿಂಗ್ ಗೋಡೆಯಲ್ಲೂ ತೇವ ಇರುತ್ತದೆ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ರಟ್ಟು ನೆನೆದು ತಳ ಕಿತ್ತುಕೊಂಡು ಸಾಮಾನು ಸುರಿಯುತ್ತದೆ. ಚೇಳು ಕೂಡ ಇಂಥ ತಂಪು ಮೂಲೆಯನ್ನೇ ಹುಡುಕಿಕೊಂಡು ಬರುತ್ತದೆ. ಅಂತರಗಂಗೆ ಬೆಟ್ಟದ ತಪ್ಪಲಲ್ಲಿ, ಕಲ್ಲು ಜಾಸ್ತಿ ಇರುವ ಬಡಾವಣೆಗಳಲ್ಲಿ ಮನೆ ಕಟ್ಟುವವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ನೋಡದೆ ಕೈ ಹಾಕಬೇಡಿ.

ರ‍್ಯಾಕಿಗೆ ದುಡ್ಡು ಸುರಿಯಬೇಡಿ. ಸೈಟಿನಲ್ಲಿ ಸಿಮೆಂಟ್ ಬ್ಲಾಕ್ ಇದ್ದೇ ಇರುತ್ತವೆ. ಎರಡು ಕಡೆ ಬ್ಲಾಕ್ ಪೇರಿಸಿ, ಮೇಲೆ ಹಲಗೆ, ಮತ್ತೆ ಬ್ಲಾಕ್, ಮತ್ತೆ ಹಲಗೆ. ಎದೆಮಟ್ಟಕ್ಕಿಂತ ಎತ್ತರ ಬೇಡ. ಕೆಲಸ ಮುಗಿದ ಮೇಲೆ ಬ್ಲಾಕ್ ಕಾಂಪೌಂಡಿಗೆ ಹೋಗುತ್ತದೆ. ಕಡಪ ಕಲ್ಲು ಇದ್ದರೆ ಅದನ್ನೂ ಹಾಕಬಹುದು, ಆದರೆ ಅದರ ಮೇಲೆ ಸುತ್ತಿಗೆಯಲ್ಲಿ ಬಡಿಯುವ ಕೆಲಸ ಇಟ್ಟುಕೊಳ್ಳಬೇಡಿ, ಸೀಳುತ್ತದೆ.

ಟೊಮೆಟೊ ಕ್ರೇಟು

ಕೋಲಾರದಲ್ಲಿ ಇದ್ದುಕೊಂಡು ಅಂಗಡಿಯಲ್ಲಿ ಸ್ಟೋರೇಜ್ ಬಾಕ್ಸ್ ಕೊಳ್ಳುವುದು ದಂಡ. ಎಪಿಎಂಸಿ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೆಟೊ ಹಿಡಿಯುವ ಪ್ಲಾಸ್ಟಿಕ್ ಕ್ರೇಟ್ ನೋಡಿದ್ದೀರಲ್ಲ, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಒಂದರ ಮೇಲೊಂದು ಕೂರುತ್ತದೆ. ಹಿಡಿ ಇದೆ. ನೆನೆಯುವುದಿಲ್ಲ. ಪಕ್ಕದಿಂದ ಒಳಗೇನಿದೆ ಅಂತ ಕಾಣುತ್ತದೆ. ತೋಟ ಇರುವ ನೆಂಟರನ್ನೋ ಗುರುತಿನವರನ್ನೋ ಕೇಳಿದರೆ ಅಂಚು ಒಡೆದ ಹಳೇ ಕ್ರೇಟ್ ಕಡಿಮೆಗೆ ಸಿಗುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಬೆಲೆ ಒಂದು ಬಾಕ್ಸಿಗೆ ಎರಡು ಸಾವಿರ ರೂಪಾಯಿ ದಾಟಿತ್ತಲ್ಲ, ಅಂಥ ಹೊತ್ತಿನಲ್ಲಿ ಮಾತ್ರ ರೈತರ ಹತ್ತಿರ ಖಾಲಿ ಕ್ರೇಟ್ ಕೇಳಲು ಹೋಗಬೇಡಿ.

ತಂದ ಕ್ರೇಟನ್ನು ತೊಳೆದು ಬಿಸಿಲಲ್ಲಿ ಒಣಗಿಸಿ. ಔಷಧಿ ಹೊಡೆದ ಹಣ್ಣು ಇಟ್ಟಿದ್ದು ಅದು. ತಳದಲ್ಲಿ ತೂತು ಇರುತ್ತದೆ, ಸ್ಕ್ರೂ, ವಾಷರ್ ಉದುರುತ್ತವೆ. ಅದಕ್ಕೆ ತಳಕ್ಕೆ ಹಳೇ ಫ್ಲೆಕ್ಸ್ ಬ್ಯಾನರ್ ಕತ್ತರಿಸಿ ಹಾಸಿ. ತೀರಾ ಸಣ್ಣ ಸಾಮಾನು ಮುಚ್ಚಳ ಇರುವ ಡಬ್ಬದಲ್ಲಿ ಹಾಕಿ ಕ್ರೇಟಿನೊಳಗೆ ಇಡಿ. ಐದು ಲೀಟರ್ ಎಣ್ಣೆ ಕ್ಯಾನಿನ ಪಕ್ಕ ಕತ್ತರಿಸಿದರೆ ಹಿಡಿ ಸಮೇತ ಒಳ್ಳೆ ಡಬ್ಬ ಆಗುತ್ತದೆ. ಎಣ್ಣೆ ಜಿಡ್ಡು ತೊಳೆದೇ ಬಳಸಿ, ಇಲ್ಲದಿದ್ದರೆ ಧೂಳು ಮೆತ್ತಿಕೊಂಡು ಅಂಟಾಗುತ್ತದೆ. ಹಿತ್ತಾಳೆ ಸಾಮಾನಿನ ಕ್ರೇಟನ್ನು ಅರ್ಧ ಮಾತ್ರ ತುಂಬಿ. ತುಂಬಿದ್ದನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡರೆ ಮನೆ ಕೆಲಸ ಯಾರು ನೋಡುತ್ತಾರೆ?

ಬರೆದು ಅಂಟಿಸುವ ವಿಷಯ. ನಮ್ಮ ಊರಿನ ಸೈಟಿನಲ್ಲಿ ಒಬ್ಬ ಕನ್ನಡ, ಒಬ್ಬ ತೆಲುಗು, ಒಬ್ಬ ತಮಿಳು, ಟೈಲ್ಸ್ ಹಾಕುವವರು ಹಿಂದಿ. ಬರೀ ಅಕ್ಷರದ ಚೀಟಿ ಎಲ್ಲರಿಗೂ ಆಗುವುದಿಲ್ಲ. ರೂಮಿಗೊಂದು ನಂಬರ್ ಕೊಡಿ. ಅದೇ ನಂಬರನ್ನು ಆ ರೂಮಿನ ಬಾಗಿಲ ಪಕ್ಕದ ಗೋಡೆಗೂ ದೊಡ್ಡದಾಗಿ ಬರೆಯಿರಿ, ಕ್ರೇಟಿಗೂ ಬರೆಯಿರಿ. ಒಳಗಿನ ಡಬ್ಬಗಳಿಗೆ ಅದೇ ಸಾಮಾನಿನ ಒಂದು ಪೀಸನ್ನು ಬೈಂಡಿಂಗ್ ವೈರಿನಲ್ಲಿ ಹೊರಗೆ ಕಟ್ಟಿಬಿಡಿ. ಆಮೇಲೆ ಮುಕ್ಕಾಲು ಇಂಚಿನ ಟೀ, ಅಂದರೆ ಮೂರು ಬಾಯಿಯ ಪೈಪ್ ಜೋಡಣೆ, ಬೇಕಾದಾಗ ಮಾತು ಹೀಗಿರುತ್ತದೆ:

"ಅಣ್ಣಾ, ಮುಕ್ಕಾಲಿಂದು ಟೀ ಬೇಕಲ್ಲ?"

"ಮೂರನೇ ನಂಬರ್ ಕ್ರೇಟು ನೋಡಪ್ಪಾ, ಡಬ್ಬಕ್ಕೆ ಕಟ್ಟಿದೆ."

ನೀವು ಎದ್ದು ಹೋಗಬೇಕಾಗಿಲ್ಲ.

ಬಾತ್‌ರೂಮಿನ ಕ್ರೇಟು, ಸ್ವಲ್ಪ ಬಿಡಿಸಿ ನೋಡೋಣ

ಅತಿ ಹೆಚ್ಚು ಗೊಂದಲ ಆಗುವುದು ಇಲ್ಲೇ. ಯಾಕೆಂದರೆ ಬಾತ್‌ರೂಮಿನ ಸಾಮಾನು ಎರಡು ಕಂತಿನಲ್ಲಿ ಗೋಡೆಗೆ ಹೋಗುತ್ತದೆ. ಉದಾಹರಣೆಗೆ ಡೈವರ್ಟರ್, ಅಂದರೆ ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಸಾಮಾನು. ಒಳಗಿನ ಬಾಡಿ ಪೈಪ್ ಹಾಕುವಾಗಲೇ ಗೋಡೆಯಲ್ಲಿ ಕೂರುತ್ತದೆ. ಮೇಲಿನ ಹೊಳೆಯುವ ಪ್ಲೇಟು, ಹಿಡಿ, ಅದರ ಸಣ್ಣ ಸ್ಕ್ರೂ, ಆ ಸ್ಕ್ರೂ ತಿರುಗಿಸುವ ಆರು ಮೂಲೆಯ ಅಲೆನ್ ಕೀ, ಇವೆಲ್ಲ ಟೈಲ್ಸ್, ಪೇಂಟ್ ಮುಗಿದು ತಿಂಗಳುಗಳಾದ ಮೇಲೆ ಬೇಕು. ಪ್ಲಂಬರ್ ಡಬ್ಬ ಬಿಚ್ಚಿ ಬಾಡಿ ತಗೊಂಡು ಉಳಿದದ್ದನ್ನು ಕಿಟಕಿ ಮೇಲೆ ಇಟ್ಟು ಹೋಗುತ್ತಾನೆ. ತಪ್ಪು ಅವನದ್ದೂ ಅಲ್ಲ, ಅವನಿಗೆ ಇಡಲು ಜಾಗ ತೋರಿಸಿರುವುದಿಲ್ಲ.

ಅದಕ್ಕೆ ಒಂದು ಬಾತ್‌ರೂಮಿಗೆ ಎರಡು ಕ್ರೇಟು ಮಾಡಿ. ಒಂದು "ಈಗ", ಇನ್ನೊಂದು "ಕೊನೆಗೆ".

"ಈಗ" ಕ್ರೇಟಿನಲ್ಲಿ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಎಲ್ಬೋ, ಟೀ, ಕಪ್ಲರ್, ಅರ್ಧ ಇಂಚಿನ ಬ್ರಾಸ್ ಎಲ್ಬೋ, ಗೋಡೆಯೊಳಗೆ ಕೂರುವ ಕನ್ಸೀಲ್ಡ್ ಸ್ಟಾಪ್ ಕಾಕಿನ ಬಾಡಿ, ಡೈವರ್ಟರ್ ಬಾಡಿ, ಪಾಯಿಂಟಿನ ಬಾಯಿಗೆ ಹಾಕುವ ಡಮ್ಮಿ ಪ್ಲಗ್, ಟೆಫ್ಲಾನ್ ಟೇಪ್, ನೆಲದ ನೀರು ಹೋಗುವ ನಹನಿ ಟ್ರಾಪ್. ಡಮ್ಮಿ ಪ್ಲಗ್ಗನ್ನು ಲೆಕ್ಕಕ್ಕಿಂತ ಎರಡು ಜಾಸ್ತಿ ತನ್ನಿ. ಪ್ಲಗ್ ಸಿಗದೆ ಪಾಯಿಂಟಿಗೆ ಪೇಪರ್ ತುರುಕಿದರೆ ಪ್ಲಾಸ್ಟರಿಂಗ್ ಗಾರೆ ಒಳಗೆ ಹೋಗುತ್ತದೆ. ಬಿಸಿ, ತಣ್ಣೀರು ಬೆರೆಸುವ ವಾಲ್ ಮಿಕ್ಸರ್ ಇದ್ದರೆ ಬಿಸಿ, ತಣ್ಣೀರು ಪಾಯಿಂಟಿನ ನಡುವೆ ಮಧ್ಯದಿಂದ ಮಧ್ಯಕ್ಕೆ ಸಾಮಾನ್ಯವಾಗಿ 150 ಎಂಎಂ ಇರಬೇಕು. ಅಷ್ಟು ಉದ್ದದ ಒಂದು ಪಟ್ಟಿ ಕತ್ತರಿಸಿ ಇದೇ ಕ್ರೇಟಿಗೆ ಹಾಕಿಡಿ, ಪ್ಲಂಬರ್ ಅಳತೆ ಟೇಪ್ ಹುಡುಕುವುದು ತಪ್ಪುತ್ತದೆ.

"ಕೊನೆಗೆ" ಕ್ರೇಟಿನಲ್ಲಿ ನಲ್ಲಿ, ಶವರ್, ಹೆಲ್ತ್ ಫಾಸೆಟ್, ಆಂಗಲ್ ಕಾಕ್, ಗೋಡೆಯ ತೂತು ಮುಚ್ಚುವ ಫ್ಲೇಂಜ್, ವಾಷ್ ಬೇಸಿನ್ನಿನ ಕೆಳಗೆ ಬರುವ ವೇಸ್ಟ್ ಕಪ್ಲಿಂಗ್, ಬಾಟಲ್ ಟ್ರಾಪ್, ನೆಲದ ಜಾಲಿ, ಜೊತೆಗೆ ಡೈವರ್ಟರಿನ ಮೇಲ್ಭಾಗ ಪೂರ್ತಿ ಅದರ ಡಬ್ಬದಲ್ಲೇ. ಈ ಕ್ರೇಟು ಸೈಟಿನಲ್ಲಿ ಬೇಡ. ನೀವು ಈಗ ಇರುವ ಮನೆಗೆ ತಂದು ಅಟ್ಟಕ್ಕೆ ಹಾಕಿ. ನಲ್ಲಿ ಬಾಯಲ್ಲಿರುವ ಜಾಲಿಯನ್ನು ಕೂಡಿಸುವ ಮುಂಚೆಯೇ ಬಿಚ್ಚಿ ಕವರಿನಲ್ಲಿ ಹಾಕಿಡಿ. ಹೊಸ ಪೈಪಿನಲ್ಲಿ ಮರಳು, ಪ್ಲಾಸ್ಟಿಕ್ ಚೂರು ಇದ್ದೇ ಇರುತ್ತದೆ. ಮೊದಲು ನೀರು ಬಿಟ್ಟು ಲೈನ್ ತೊಳೆದ ಮೇಲೆ ಜಾಲಿ ಹಾಕಬೇಕು.

ಇನ್ನೊಂದು ಸಾಮಾನಿದೆ, ಅದು ಕ್ರೇಟಿನಲ್ಲಿ ಇಡುವಂಥದ್ದಲ್ಲ. ಪ್ಲಾಸ್ಟರಿಂಗ್ ಮುಂಚೆ ಪ್ರತಿ ಗೋಡೆಯ ಫೋಟೋ. ಪೈಪಿನ ಪಕ್ಕ ಟೇಪ್ ಹಿಡಿದು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಕಾಣುವ ಹಾಗೆ ತೆಗೆದು ಅದೇ ರೂಮ್ ನಂಬರ್ ಹೆಸರಲ್ಲಿ ಮೊಬೈಲಿನಲ್ಲಿ ಇಡಿ. ಮುಂದೆ ಕನ್ನಡಿ ಹಾಕಲು ಡ್ರಿಲ್ ಹಿಡಿದಾಗ ಗೊತ್ತಾಗುತ್ತದೆ ಇದರ ಬೆಲೆ.

ಕರೆಂಟಿನ ಸಾಮಾನು

ಇಲ್ಲೂ ಎರಡು ಕಂತು. ಗೋಡೆಗೆ ಹೋಗುವ ಬಾಕ್ಸ್ ಮೊದಲು, ಸ್ವಿಚ್ಚು ಪ್ಲೇಟು ಪೇಂಟ್ ಆದ ಮೇಲೆ. ಪ್ಲೇಟಿನ ಜೊತೆ ಬರುವ ಉದ್ದ ಸ್ಕ್ರೂಗಳನ್ನು ಪ್ಲೇಟಿನ ಹಿಂದೆಯೇ ಟೇಪ್ ಹಾಕಿ ಅಂಟಿಸಿ, ಅವು ಬೇರೆಯಾದರೆ ಮತ್ತೆ ಜೋಡಿ ಸಿಗುವುದು ಕಷ್ಟ. ಬಾಕ್ಸಿನೊಳಗೆ ಥರ್ಮಾಕೋಲ್ ತುಂಡು ತುರುಕಿಸಿ, ಗಾರೆ ಒಳಗೆ ಹೋಗದಿರಲಿ.

ವೈರ್ ಕಾಯಿಲ್ ಸಾಮಾನ್ಯವಾಗಿ 90 ಮೀಟರ್. ದೀಪ, ಫ್ಯಾನಿಗೆ 1.5, ಹದಿನಾರು ಆಂಪ್ ಪಾಯಿಂಟಿಗೆ 2.5, ಗೀಸರಿಗೆ, ಏಸಿಗೆ 4 ಸ್ಕ್ವೇರ್ ಎಂಎಂ ಹಾಕುವುದು ರೂಢಿ. ಕತ್ತರಿಸಿ ಉಳಿದ ತುಂಡುಗಳಲ್ಲಿ ಕೆಂಪು 1.5, ಕೆಂಪು 2.5 ಅವಸರದಲ್ಲಿ ಒಂದೇ ಥರ ಕಾಣುತ್ತವೆ. ಮೈಮೇಲೆ ಅಚ್ಚು ಹಾಕಿರುತ್ತಾರೆ, ಆದರೆ ಧೂಳಲ್ಲಿ ಯಾರು ಓದುತ್ತಾರೆ? ಸುತ್ತಿದ ತಕ್ಷಣ ಒಂದು ಪೇಪರ್ ಟೇಪಿನಲ್ಲಿ ಸೈಜು, ಉದ್ದ ಬರೆದು ಅಂಟಿಸಿ. ಎರಡು ಮೀಟರಿಗಿಂತ ಚಿಕ್ಕ ತುಂಡು ಗುಜರಿ ಚೀಲಕ್ಕೆ. ತಾಮ್ರಕ್ಕೆ ಒಳ್ಳೆ ರೇಟು ಇದೆ, ಚೀಲ ನಿಮ್ಮ ಮನೆಯಲ್ಲೇ ಇರಲಿ.

ಸ್ಕ್ರೂ, ಬೋಲ್ಟು

ಬಾಗಿಲಿನ ಹಿಂಜಸ್, ಟವರ್ ಬೋಲ್ಟ್ (ಒಳಗಿನ ಚಿಲಕ), ಆಲ್ಡ್ರಾಪ್ (ಬೀಗ ಹಾಕುವ ದೊಡ್ಡ ಚಿಲಕ) ಜೊತೆ ಸಣ್ಣ ಕವರಿನಲ್ಲಿ ಸ್ಕ್ರೂ ಬರುತ್ತದೆ. ಆ ಕವರನ್ನು ಬೇರೆ ಮಾಡಲೇಬೇಡಿ. ಬಾಗಿಲಿಗೊಂದು ಗಂಟು ಕಟ್ಟಿ, ಬಾಗಿಲ ನಂಬರ್ ಬರೆಯಿರಿ. ಬೀಗದ ಕೀಗಳು ಮಾತ್ರ ಮನೆಗೆ.

ಬೇರೆ ಸ್ಕ್ರೂಗಳಿಗೆ ಒಂದು ಉಪಾಯ. ಗೋಡೆಗೆ ಹೊಡೆಯುವ ಕೆಲಸಕ್ಕೆ ಡ್ರಿಲ್ ಬಿಟ್, ತೂತಿಗೆ ತುರುಕುವ ಪ್ಲಾಸ್ಟಿಕ್ ಪ್ಲಗ್ಗು, ಸ್ಕ್ರೂ ಮೂರನ್ನೂ ಒಂದೇ ಡಬ್ಬದಲ್ಲಿ ಇಡಿ. 6 ಎಂಎಂ ಪ್ಲಗ್ಗಿಗೆ 6ರ ಬಿಟ್, 8ಕ್ಕೆ 8ರದ್ದು. ಬಿಟ್‌ಗಳೆಲ್ಲ ಒಂದು ಕಡೆ, ಪ್ಲಗ್ಗೆಲ್ಲ ಇನ್ನೊಂದು ಕಡೆ ಇದ್ದರೆ ಸಿಕ್ಕಿದ ಬಿಟ್ಟಿನಲ್ಲಿ ತೂತು ಹೊಡೆದು ಆಮೇಲೆ ಬೆಂಕಿಕಡ್ಡಿ ತುರುಕುವ ಕಥೆ ಶುರು.

ಸೈಜಿನ ಲೆಕ್ಕ ಬೇರೆ ಗೊಂದಲ. ಹಳೇ ಬಡಗಿ ನೂಲಿನಲ್ಲಿ ಹೇಳುತ್ತಾರೆ, ಎಂಟು ನೂಲಿಗೆ ಒಂದು ಇಂಚು. ಅಂಗಡಿಯಲ್ಲಿ ಎಂಎಂ. ಸ್ಕ್ರೂಗೆ ನಂಬರು: 6 ನಂಬರ್ ಅಂದರೆ ದಪ್ಪ ಸುಮಾರು 3.5 ಎಂಎಂ, 8 ನಂಬರ್ ಅಂದರೆ ಸುಮಾರು 4.2. ಡಬ್ಬದ ಮೇಲೆ ಎರಡೂ ಲೆಕ್ಕ ಬರೆಯಿರಿ. ಬೋಲ್ಟಿನ ಡಬ್ಬಕ್ಕೆ ಅದರ ಸ್ಪ್ಯಾನರ್ ನಂಬರನ್ನೂ ಸೇರಿಸಿ. ಸಾಮಾನ್ಯವಾಗಿ 6 ಎಂಎಂ ಬೋಲ್ಟಿಗೆ 10ರ ಸ್ಪ್ಯಾನರ್, 8ಕ್ಕೆ 13, 10ಕ್ಕೆ 17, 12ಕ್ಕೆ 19.

ಅಡುಗೆಮನೆ, ಬಾತ್‌ರೂಮಿಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ತಂದು ಸಾಮಾನ್ಯ ಸ್ಕ್ರೂ ಜೊತೆ ಬೆರೆಸಿಬಿಟ್ಟರೆ ಬೇರ್ಪಡಿಸುವುದು ಹೇಗೆ? ಅಯಸ್ಕಾಂತ ತಗೊಳ್ಳಿ. 304 ಗ್ರೇಡ್ ಸ್ಟೀಲನ್ನು ಅದು ಹೆಚ್ಚುಕಡಿಮೆ ಹಿಡಿಯುವುದೇ ಇಲ್ಲ. ಕೆಟ್ಟ ಸ್ಪೀಕರಿನ ಅಯಸ್ಕಾಂತ ಸಿಕ್ಕರೆ ಎಸೆಯಬೇಡಿ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಡಗಿ ಕೆಲಸ ಮಾಡಿದ ಜಾಗದಲ್ಲಿ ಸಂಜೆ ಒಂದು ಸಲ ಆಡಿಸಿ. ಮೊಳೆ, ಸ್ಕ್ರೂ ಎಲ್ಲ ಕವರಿಗೆ ಅಂಟಿಕೊಂಡು ಬರುತ್ತವೆ. ಆಮೇಲೆ ಡಬ್ಬದ ಮೇಲೆ ಹಿಡಿದು ಕವರಿನೊಳಗಿಂದ ಅಯಸ್ಕಾಂತ ಈಚೆ ಎಳೆದರೆ ಎಲ್ಲ ಡಬ್ಬಕ್ಕೆ ಬೀಳುತ್ತದೆ. ಬೈಕಿನ ಟೈರೂ ಉಳಿಯುತ್ತದೆ.

ಅಂಟು, ವೆಲ್ಡಿಂಗ್ ರಾಡು

ಸಿಪಿವಿಸಿ ಅಂಟು ಬೇರೆ, ಪಿವಿಸಿ ಅಂಟು ಬೇರೆ. ಒಂದರ ಕೆಲಸಕ್ಕೆ ಇನ್ನೊಂದು ಹಾಕಿದರೆ ಇವತ್ತು ನಿಲ್ಲುತ್ತದೆ, ಆಮೇಲೆ ಗೋಡೆಯೊಳಗೆ ಸೋರುತ್ತದೆ. ಎರಡು ಡಬ್ಬವನ್ನೂ ಪಕ್ಕಪಕ್ಕ ಇಡಬೇಡಿ. ಇವು ಬೇಗ ಬೆಂಕಿ ಹಿಡಿಯುವಂಥವು, ವೆಲ್ಡಿಂಗ್, ಗ್ರೈಂಡರ್ ನಡೆಯುವ ಮಗ್ಗುಲಿಗೆ ಒಯ್ಯಬಾರದು, ಬೀಡಿ ಸೇದುವವರಿಗೂ ಹೇಳಿಡಿ. ತಾರೀಖು ನೋಡಿ ಕೊಳ್ಳಿ, ಬಿಚ್ಚಿದ ದಿನ ಮುಚ್ಚಳದ ಮೇಲೆ ಬರೆಯಿರಿ. ಅಂಟು ಲೋಳೆಯಂತೆ ಗಟ್ಟಿಯಾಗಿದ್ದರೆ ಎಸೆಯಿರಿ, ಥಿನ್ನರ್ ಹಾಕಿ ಕಲಸುವ ಜುಗ್ಗತನ ಬೇಡ. ವೆಲ್ಡಿಂಗ್ ರಾಡಿನ ಪ್ಯಾಕೆಟ್ ಒಡೆದರೆ ಗಟ್ಟಿ ಮುಚ್ಚಳದ ಡಬ್ಬಕ್ಕೆ ಹಾಕಿ.

ಕೆಲಸದ ಮೇಜು, ಕರೆಂಟು

ಒಂದು ಮೇಜು ಬೇಕೇ ಬೇಕು. ಹಳೇ ಫ್ಲಷ್ ಡೋರ್, ಅಂದರೆ ಚಪ್ಪಟೆ ಬಾಗಿಲು, ಸಿಕ್ಕರೆ ಎರಡು ಬ್ಲಾಕ್ ಕಂಬದ ಮೇಲೆ ಮಲಗಿಸಿ. ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅದೇ ಎತ್ತರ. ಸಾಮಾನು ಕಚ್ಚಿ ಹಿಡಿಯುವ ವೈಸ್ ಕೂರಿಸುವುದಾದರೆ ಕಂಬದ ಮೇಲೆ ಬರುವ ಹಾಗೆ ಕೂರಿಸಿ, ನಡುವೆ ಬೇಡ. ಗರಗಸ, ಉಳಿ, ಮೂಲೆಮಟ್ಟ, ರಸಮಟ್ಟ (ಸ್ಪಿರಿಟ್ ಲೆವೆಲ್), ಇವುಗಳನ್ನು ಮೇಜಿನ ಹಿಂದೆ ಒಂದು ಪ್ಲೈವುಡ್ ಹಲಗೆಗೆ ಮೊಳೆ ಹೊಡೆದು ನೇತುಹಾಕಿ, ಸುತ್ತಲೂ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಸಂಜೆ ಯಾವುದು ವಾಪಸ್ ಬಂದಿಲ್ಲ ಅಂತ ಬಾಗಿಲಲ್ಲೇ ನಿಂತು ಕಾಣುತ್ತದೆ. ರಸಮಟ್ಟವನ್ನು ಯಾರಿಗೂ ಸುಮ್ನೆ ಕೊಡಬೇಡಿ. ಅದು ಒಮ್ಮೆ ಬಿದ್ದರೆ ಆಮೇಲೆ ಸುಳ್ಳು ಹೇಳುತ್ತದೆ. ಅನುಮಾನ ಬಂದರೆ ಒಂದೇ ಜಾಗದಲ್ಲಿ ಇಟ್ಟು, ಎಡ ತುದಿ ಬಲಕ್ಕೆ ಬರುವ ಹಾಗೆ ತಿರುಗಿಸಿ ಇಟ್ಟು ನೋಡಿ. ಗುಳ್ಳೆ ಎರಡು ಸಲವೂ ಒಂದೇ ಕಡೆ ನಿಂತರೆ ಸರಿ ಇದೆ.

ವಿದ್ಯುತ್ ಕಂಪನಿ ಬೆಸ್ಕಾಂ ಕೊಡುವ ತಾತ್ಕಾಲಿಕ ಕನೆಕ್ಷನ್ನಿನ ಬೋರ್ಡಿಗೆ 30 ಮಿಲಿ ಆಂಪ್ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಹಾಕಿಸಿ. ಒದ್ದೆ ನೆಲ, ಬರಿಗಾಲು, ತೇಪೆ ಹಾಕಿದ ವೈರು, ಮೂರೂ ಸೇರುವ ಜಾಗ ಇದು. ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಗ್ರೈಂಡರ್ ಡಿಸ್ಕಿಗೂ ಅವಧಿ ಇದೆ. ಮಧ್ಯದ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ, ಅದು ದಾಟಿದ್ದನ್ನು ಮುರಿದು ಎಸೆಯಿರಿ. ಡಿಸ್ಕನ್ನು ಮಟ್ಟಸವಾಗಿ ಮಲಗಿಸಿ, ತೇವ ತಾಗದ ಹಾಗೆ ಇಡಿ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುವಂಥದ್ದು, ಸೀಳು ಬಿಟ್ಟ ಡಿಸ್ಕ್ ಸಿಡಿದರೆ ಕಣ್ಣೇ ಹೋದೀತು.

ವಾಪಸ್ ಕ್ರೇಟು

ಬಾಗಿಲ ಹತ್ತಿರ ಒಂದು ಖಾಲಿ ಕ್ರೇಟು ಇಡಿ. ಕೆಲಸ ಆದ ಮೇಲೆ ಉಳಿದದ್ದನ್ನೆಲ್ಲ ಕೆಲಸದವರು ಅದಕ್ಕೆ ಹಾಕಲಿ. "ಜಾಗದಲ್ಲಿ ಇಡಪ್ಪಾ" ಅಂತ ಅವರಿಗೆ ಹೇಳಬೇಡಿ, ಸಂಜೆ ಐದೂವರೆಗೆ ಬಸ್ಸಿಗೆ ಹೊರಡುವವರು ಅವರು, ತಪ್ಪು ಜಾಗದಲ್ಲಿ ಇಟ್ಟು ಹೋಗುತ್ತಾರೆ. ಅದನ್ನು ವಿಂಗಡಿಸುವುದು ನಿಮ್ಮ ಕೆಲಸ. ಬಿಲ್ಲುಗಳನ್ನೂ ಅದೇ ಕ್ರೇಟಿನ ಪಕ್ಕ ಒಂದು ಕ್ಲಿಪ್ಪಿಗೆ ಸಿಕ್ಕಿಸಿ. ಬಳಸದ ಫಿಟಿಂಗ್ ವಾಪಸ್ ತಗೋತೀರಾ ಅಂತ ಕೊಳ್ಳುವಾಗಲೇ ಅಂಗಡಿಯಲ್ಲಿ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಅಂಟು ತಾಗಿದ್ದು, ಕತ್ತರಿಸಿದ್ದು ಯಾರೂ ತಗೊಳ್ಳುವುದಿಲ್ಲ.

ಎಲ್ಲ ಮುಗಿದ ಮೇಲೆ

ಈಗ ಬಗೆವಾರು ಜೋಡಿಸಿ. ಪ್ರತಿ ಬಗೆಯ ಟೈಲ್ಸ್ ಒಂದೊಂದು ಬಾಕ್ಸ್ ಇಟ್ಟುಕೊಳ್ಳಿ, ಮುಂದೆ ಅದೇ ಬಣ್ಣ ಸಿಗುವುದಿಲ್ಲ. ಬಾಕ್ಸಿನ ಮೇಲಿನ ಬ್ಯಾಚ್ ನಂಬರ್, ಟೈಲ್ಸ್ ಸಂದಿಗೆ ತುಂಬುವ ಗ್ರೌಟಿನ ಬಣ್ಣ, ಪೇಂಟಿನ ಶೇಡ್ ಕೋಡ್ ಬಾಗಿಲ ಹಿಂದೆ ಬರೆದುಬಿಡಿ. ಎರಡು ಅಡಿಗಿಂತ ಚಿಕ್ಕ ಪೈಪ್ ತುಂಡು, ಬಾಗಿದ ಮೊಳೆ, ಜೋಡಿ ಇಲ್ಲದ ಹಿಂಜಸ್ ಗುಜರಿಗೆ. ಬೇಕಾಗಬಹುದು ಅಂತ ಇಟ್ಟುಕೊಂಡರೆ ಹೊಸ ಮನೆಯ ಕಾರ್ ಶೆಡ್ ಮೊದಲ ವರ್ಷವೇ ಗೋಡೌನ್ ಆಗುತ್ತದೆ.

ಒಂದು ಡಬ್ಬ ಮಾತ್ರ ಕೈಗೆ ಸಿಗುವ ಹಾಗೆ ಅಡುಗೆಮನೆ ಕಡೆ ಇರಲಿ. ನಮ್ಮ ಬೋರ್‌ವೆಲ್ ನೀರು ಗಡಸು. ನಲ್ಲಿ ಬಾಯಿಯ ಜಾಲಿಗೆ ಬಿಳಿ ಪೊರೆ ಕಟ್ಟುತ್ತದೆ, ನಲ್ಲಿಯೊಳಗೆ ನೀರು ಬಿಟ್ಟು ನಿಲ್ಲಿಸುವ ಕಾರ್ಟ್ರಿಜ್ ಬಿಗಿಯಾಗುತ್ತದೆ. ಎರಡು ಜಾಲಿ, ಒಂದಿಷ್ಟು ವಾಷರ್, ಟೆಫ್ಲಾನ್ ಟೇಪ್, ಪೈಪ್ ರೆಂಚ್, ಆ ಡೈವರ್ಟರಿನ ಅಲೆನ್ ಕೀ ಇದರಲ್ಲಿ ಹಾಕಿ. ಮುಚ್ಚಳದ ಒಳಗೆ ಪ್ರತಿ ನಲ್ಲಿಯ ಕಂಪನಿ, ಮಾಡೆಲ್ ನಂಬರ್ ಬರೆದಿಡಿ, ಕಾರ್ಟ್ರಿಜ್ ತರಲು ಅಂಗಡಿಗೆ ಹೋದಾಗ ಮೊದಲು ಕೇಳುವುದೇ ಅದನ್ನು.